ಲಿವರ್ ಕ್ಯಾನ್ಸರ್ ಸರ್ಜರಿಗೆ ಅಜ್ಜನ ವಯಸ್ಸಷ್ಟೇ ಅಲ್ಲ, ತೊಡೆಯನ್ನೂ ನೋಡಿ

ತಾಂಡವಪುರದ ಎಪ್ಪತ್ತೆರಡರ ಅಜ್ಜನೊಬ್ಬನಿಗೆ ಲಿವರ್ ಕ್ಯಾನ್ಸರ್ ಇದೆಯೆಂದು ಮೈಸೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಗಡ್ಡೆ ಚಿಕ್ಕದು, ಕತ್ತರಿಸಿ ತೆಗೆಯಬಹುದು. ಮನೆಯಲ್ಲಿ ಮೊದಲು ಬರುವ ಮಾತು: 'ಈ ವಯಸ್ಸಲ್ಲಿ ಕುಯ್ಯಿಸೋದು ಬ್ಯಾಡ.' ಆದರೆ ಆಧಾರ್ ಕಾರ್ಡಿನಲ್ಲಿರುವ ವಯಸ್ಸೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಅಜ್ಜನ ತೊಡೆ, ಬೆನ್ನಿನಲ್ಲಿ ಎಷ್ಟು ಸ್ನಾಯು ಉಳಿದಿದೆ ಅನ್ನುವುದೂ ಮುಖ್ಯ.

ಸ್ನಾಯು ಸವೆಯುವ ಈ ಸ್ಥಿತಿಗೆ ಸಾರ್ಕೋಪೀನಿಯಾ ಎಂದು ಹೆಸರು. ಇದು ಇರುವವರಲ್ಲಿ ಲಿವರ್ ಸರ್ಜರಿಯ ನಂತರ ತೊಂದರೆಗಳು ಹೆಚ್ಚು, ಬದುಕುಳಿಯುವ ಅವಧಿ ಕಡಿಮೆ ಎಂದು ಜಪಾನ್ ಸೇರಿದಂತೆ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಯಾಕೆ? ಲಿವರ್ ಕೆಟ್ಟಾಗ ರಕ್ತದಲ್ಲಿನ ಅಮೋನಿಯಾವನ್ನು ಕಡಿಮೆ ಮಾಡುವ ಕೆಲಸವನ್ನು ಸ್ನಾಯುಗಳು ಸ್ವಲ್ಪ ಹೊರುತ್ತವೆ. ಗಾಯ ಮಾಯಲು ಬೇಕಾದ ಕಚ್ಚಾವಸ್ತುವೂ ಅಲ್ಲಿಂದಲೇ ಹೋಗಬೇಕು. ಕೆಮ್ಮಿ ಕಫ ಹೊರಹಾಕುವುದಕ್ಕೂ ಸ್ನಾಯು ಬೇಕು.

ತಕ್ಕಡಿಯನ್ನು ನಂಬಬೇಡಿ. ಹೊಟ್ಟೆಯಲ್ಲಿ ನೀರು ತುಂಬಿ ತೂಕ ಏರುತ್ತಿದ್ದರೂ ಒಳಗೆ ಸ್ನಾಯು ಕರಗುತ್ತಿರಬಹುದು. ಸಿ.ಟಿ. ಸ್ಕ್ಯಾನ್ ಹೇಗೂ ಆಗಿರುತ್ತೆ, ಅದರಲ್ಲೇ ಸ್ನಾಯುವಿನ ಅಳತೆ ಸಿಗುತ್ತೆ. ಮನೆಯಲ್ಲೇ ನೋಡಬೇಕಾ? ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಡಾಕ್ಟರಿಗೆ ಹೇಳಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡ ಇದು.

ನಮ್ಮ ಕಡೆ ದೊಡ್ಡ ಶತ್ರು ಪಥ್ಯ. ಲಿವರ್ ಅಂದ ಕೂಡಲೇ ಮೊಟ್ಟೆ ಬಂದ್, ಬೇಳೆ ಬಂದ್, ಬರೀ ಗಂಜಿ. ಒಂದು ಕಾಲದಲ್ಲಿ ಡಾಕ್ಟರುಗಳೂ ಪ್ರೋಟೀನ್ ಬೇಡ ಅನ್ನುತ್ತಿದ್ದರು, ಅಜ್ಜಿಯನ್ನಷ್ಟೇ ಬೈಯುವಂತಿಲ್ಲ. ಈಗಿನ ಸಲಹೆ ಉಲ್ಟಾ: ಸಿರೋಸಿಸ್ ಇರುವವರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 55 ಕೆ.ಜಿ. ಅಜ್ಜನಿಗೆ ಸುಮಾರು 65ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ! ಜೊತೆಗೆ ಮಲಗುವ ಮುನ್ನ ಇನ್ನೊಂದು ತಿಂಡಿ. ಇಲ್ಲದಿದ್ದರೆ ರಾತ್ರಿಯ ಉಪವಾಸದಲ್ಲಿ ದೇಹ ತನ್ನ ಸ್ನಾಯುವನ್ನೇ ಒಡೆದು ಬಳಸುತ್ತೆ.

ರಾಜಕೀಯ ಶುರುವಾಗೋದು ಇಲ್ಲೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಒಳ್ಳೆಯದೇ. ಆಪರೇಷನ್‌ಗೆ ಮುಂಚಿನ ವಾರಗಳಲ್ಲಿ ಅಜ್ಜ ಏನು ತಿನ್ನಬೇಕು ಅನ್ನೋದು ಮಾತ್ರ ಮನೆಯವರ ಪಾಡು. ಶಾಲಾ ಮಕ್ಕಳ ಮೊಟ್ಟೆಗಾಗಿ ಈ ರಾಜ್ಯ ವರ್ಷಗಟ್ಟಲೆ ಜಗಳವಾಡಿದೆ. ಮುದುಕರ ತಟ್ಟೆಯ ಬಗ್ಗೆ ಅಂಥ ಜಗಳ ಕೇಳಿದ ನೆನಪು ನನಗಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು ತಂದರೆ ಅದು ಹೆಚ್ಚುಕಮ್ಮಿ ಮುಗಿದೇ ಹೋಗುತ್ತೆ, ಮೈಸೂರಿಗೆ ಬಸ್ ಚಾರ್ಜು ಬೇರೆ.