ಗಡಿಯಾಚೆಯ ಹಳೆಯ ಜೀಪು

ಚಳ್ಳಕೆರೆ, ಮೊಳಕಾಲ್ಮೂರು ದಾಟಿದರೆ ಆಂಧ್ರದ ರಾಯದುರ್ಗ. ಅಲ್ಲಿಂದ ಹಳೆಯ ಮಹೀಂದ್ರ ಜೀಪು ತರಲು ಹೊರಡುವ ಬೆಳೆಗಾರ ಬಂಧುಗಳು ಬಾನೆಟ್ ಎತ್ತುವ ಮೊದಲು ಆರ್.ಸಿ. ಪುಸ್ತಕ ಕೇಳಲಿ ಎಂಬುದು ನಮ್ಮ ಸಲಹೆ. ಚಾಸಿ ನಂಬರು ತಾಳೆಯಾಗಬೇಕು. 15 ವರ್ಷ ಮೀರಿದ ಗಾಡಿಯ ನೋಂದಣಿ ನವೀಕರಣವಾಗಿರಬೇಕು, ಸಾಲ ತೀರಿರಬೇಕು. ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡವನ್ನೇ ಕೊಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯಂತೆ 12 ತಿಂಗಳಿಗೆ ಮೀರಿ ಇಲ್ಲಿರುವ ಗಾಡಿಗೆ ನಮ್ಮ ರಾಜ್ಯದ ನಂಬರು ಬೇಕು. ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೂ ಅಗ್ಗವೇ, ನೋಡಿ.

ಎಲ್ಲ ಜೀಪಿಗೂ ಫೋರ್‌ವೀಲ್ ಇರುವುದಿಲ್ಲ. ಇದ್ದರೂ ಬಯಲುಸೀಮೆಯ ಸಮನೆಲದಲ್ಲಿ ಅದನ್ನು ವರ್ಷಗಟ್ಟಲೆ ಹಾಕಿರಲಿಕ್ಕಿಲ್ಲ. ಟಾರು ರಸ್ತೆಯ ಓಟಕ್ಕೆ ಮರುಳಾಗದೆ, ಮೊಳಕಾಲ್ಮೂರಿನ ಯಾವುದಾದರೂ ಗುಡ್ಡದ ಮಣ್ಣುದಾರಿಯಲ್ಲಿ, ಗೊಬ್ಬರದ ಮೂಟೆಯಷ್ಟು ಭಾರ ಹೇರಿ, ಹತ್ತಿಸಿ ಇಳಿಸಿರಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬಸ್ಸಿನಲ್ಲೇ ಹಿಂತಿರುಗಬಹುದು.