ಹಳೆಯ ಕಾರಿನ ಗೇರ್‌ಬಾಕ್ಸ್ ಮುನಿದಾಗ

ಮುಂಬಯಿಯ ಮಧ್ಯಮ ವರ್ಗದ ಕನ್ನಡಿಗರಲ್ಲಿ ಅನೇಕರ ಮೊದಲ ಕಾರು ಮತ್ತೊಬ್ಬರು ಓಡಿಸಿ ಮಾರಿದ ಕಾರೇ ಆಗಿರುತ್ತದೆ. ಮೇ ತಿಂಗಳ ರಜೆ ಬಂತೆಂದರೆ ಡೊಂಬಿವಲಿ, ಮುಲುಂಡ್, ಮೀರಾರೋಡ್‌ಗಳಿಂದ ಇಂಥ ಕಾರುಗಳು ಮನೆಮಂದಿಯನ್ನೂ ಸಾಮಾನು ಸರಂಜಾಮನ್ನೂ ಹೊತ್ತು ಊರಿನ ದಾರಿ ಹಿಡಿಯುತ್ತವೆ. ಹಿಂದೆ 17 ಎನಿಸಿದ್ದ ಈಗಿನ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕಶೇಡಿಯಲ್ಲಿ ಸುರಂಗ ಬಂದ ಬಳಿಕವೂ, ಏರು ತಿರುವುಗಳಿಗೆ ಬರವಿಲ್ಲ. ಎಸ್.ವಿ. ರೋಡಿನ ಸಂದಣಿಯಲ್ಲಿ ವರ್ಷಗಟ್ಟಲೆ ಅರ್ಧ ಕ್ಲಚ್ಚಿನಲ್ಲಿ ತೆವಳಿದ ಕಾರು ತನ್ನ ಬೇನೆಯನ್ನು ಹೊರಗೆಡಹುವುದು ಸಾಮಾನ್ಯವಾಗಿ ಇಂಥ ಏರಿನಲ್ಲಿಯೇ, ಅದೂ ಮಕ್ಕಳು ಮಲಗಿರುವ ನಡುರಾತ್ರಿಯಲ್ಲಿ.

ಗೇರ್ ಬೀಳದಿದ್ದರೆ ಗೇರ್‌ಬಾಕ್ಸೇ ಹೋಯಿತೆಂದು ತಿಳಿಯಬೇಕಿಲ್ಲ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನು ನೆನೆಯಿರಿ. ಅದರ ಗೇರ್ ಹಿಡಿ ಇದ್ದುದು ಸ್ಟಿಯರಿಂಗ್ ಕಂಬದಲ್ಲಿ. ಅಲ್ಲಿಂದ ಪೆಟ್ಟಿಗೆಯವರೆಗೆ ಸರಳು, ಕೀಲುಗಳ ಸಾಲು. ಪೆಟ್ಟಿಗೆಯೊಳಗೆ ಏನೂ ಕೆಡದಿದ್ದರೂ ಈ ಕೀಲುಗಳ ಬುಷ್ ಸವೆದರೆ ಗೇರ್ ಸಿಕ್ಕಿಕೊಳ್ಳುತ್ತಿತ್ತು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, 20 ವರ್ಷಗಳ ಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಆದರೆ ಮೊದಲು ಪೆಟ್ಟಿಗೆಯ ಹೊರಗೆ ನೋಡಬೇಕೆಂಬ ಅದರ ಪಾಠ ಇಂದಿನ ಕಾರುಗಳಿಗೂ ಸಲ್ಲುತ್ತದೆ.

ಇಂಜಿನ್ ನಿಲ್ಲಿಸಿದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಚಾಲೂ ಮಾಡಿದಾಗ ಮಾತ್ರ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಕೇಬಲ್ ಸಡಿಲವಾಗಿರಬಹುದು, ಇಲ್ಲವೆ ಹೈಡ್ರಾಲಿಕ್ ದ್ರವ ಸೋರಿರಬಹುದು. ಅದು ಸಣ್ಣ ಖರ್ಚಿನ ಕೆಲಸ. ಇಂಜಿನ್ ಭೋರ್ಗರೆದರೂ ವೇಗ ಏರದೆ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಎದುರಿಗೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬ್ರೇಕನ್ನೂ ಒತ್ತಿ, ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಟ್ಟು ನೋಡಿರಿ: ಇಂಜಿನ್ ನಿಂತರೆ ಪ್ಲೇಟು ಹಿಡಿಯುತ್ತಿದೆ, ಓಡುತ್ತಲೇ ಇದ್ದರೆ ಸವೆದಿದೆ. ಒಮ್ಮೆ ಮಾಡಿದರೆ ಸಾಕು. ಕ್ಲಚ್ ಒತ್ತಿದಾಗ ಮೊರೆತ ಕೇಳಿದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯಪಡಬೇಕು; ನ್ಯೂಟ್ರಲ್‌ನಲ್ಲಿ ಮೊರೆದು, ಕ್ಲಚ್ ಒತ್ತಿದೊಡನೆ ನಿಂತರೆ ಪೆಟ್ಟಿಗೆಯೊಳಗಿನ ಬೇರಿಂಗ್ ಮೇಲೆ. ಒಂದೇ ಒಂದು ಗೇರ್ ಕರಕರ ಎಂದರೆ ಅದರ ಸಿಂಕ್ರೊ ಉಂಗುರ ಸವೆದಿರುತ್ತದೆ. ಹಾಕಿದ ಗೇರ್ ತಾನಾಗಿ ಹಾರಿ ಬರುವ ಕಾರನ್ನು ಮಾತ್ರ ಘಾಟಿಗೆ ಒಯ್ಯಲೇಬಾರದು. ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತ ತಪ್ಪಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಎಣ್ಣೆಯ ಮಾತು ಬೇರೆಯೇ ಇದೆ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಗೇರ್ ಆಯಿಲನ್ನು ಮರೆಯುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ನಗರದಲ್ಲಿ ಮುಳುಗಿದ ಕಾರುಗಳು ಅಸಂಖ್ಯ. ಅಂಧೇರಿ ಸಬ್‌ವೇಯಂಥ ತಗ್ಗುಗಳಲ್ಲಿ ನೀರು ನಿಲ್ಲುವುದು ಇಂದಿಗೂ ಮಳೆಗಾಲದ ವಾಡಿಕೆ. ಪೆಟ್ಟಿಗೆಗೆ ಉಸಿರಾಡಲು ಇರುವ ಕಿಂಡಿಯಿಂದ ನೀರು ಒಳಸೇರಿದರೆ ಎಣ್ಣೆ ಹಾಲು ಬೆರೆತ ಚಹಾದಂತಾಗುತ್ತದೆ. ಕೊಳ್ಳುವ ಮೊದಲೇ ತುಸು ಎಣ್ಣೆ ಇಳಿಸಿ ನೋಡುವುದು ಒಳಿತು. ನುಣ್ಣನೆಯ ಬೂದಿಯಂಥ ಲೋಹದ ಪುಡಿ ಸಹಜ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ವ್ಯವಹಾರವನ್ನು ಅಲ್ಲಿಗೇ ಬಿಡಿರಿ.

ಪೆಟ್ಟಿಗೆಯನ್ನು ಇಳಿಸಲೇಬೇಕಾದಾಗ ಖರ್ಚಿನ ದೊಡ್ಡ ಪಾಲು ಕೂಲಿಯದು. ಆದುದರಿಂದ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್, ಆಯಿಲ್ ಸೀಲುಗಳನ್ನು ಒಟ್ಟಿಗೇ ಬದಲಿಸುವುದು ಲಾಭಕರ. ಅಂದಾಜು ಬರಹದಲ್ಲಿರಲಿ, ತೆಗೆದ ಬಿಡಿಭಾಗಗಳನ್ನು ಕೇಳಿ ಪಡೆಯಿರಿ. ಒಳಗಿನ ಹಲ್ಲುಚಕ್ರಗಳೇ ಮುರಿದಿದ್ದರೆ ಕುರ್ಲಾದ ಸಿ.ಎಸ್.ಟಿ. ರೋಡಿನ ಗುಜರಿ ಅಂಗಡಿಗಳಲ್ಲಿ ಇಡೀ ಪೆಟ್ಟಿಗೆಯನ್ನೇ ಹುಡುಕುವವರು ಅನೇಕರು. ಅಗ್ಗವೆಂಬುದು ನಿಜ. ಆದರೆ ಅದೇ ಮಾದರಿಯದೇ, ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಎಲ್ಲಿಯಾದರೂ ತಡೆಯುತ್ತದೆಯೇ ಎಂಬುದನ್ನು ಮೆಕ್ಯಾನಿಕ್ ಜೊತೆಗಿದ್ದೇ ನೋಡಬೇಕು, ರಸೀದಿಯಿಲ್ಲದೆ ಕೊಳ್ಳಬಾರದು.

ದುರಸ್ತಿಯ ವೆಚ್ಚ ಕಾರಿನ ಮಾರಾಟ ಬೆಲೆಯನ್ನು ಸಮೀಪಿಸಿದಾಗ ಮಮತೆಯನ್ನು ಬದಿಗಿಟ್ಟು ಲೆಕ್ಕ ಹಾಕಬೇಕಾಗುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದುದನ್ನೂ ಆ ಲೆಕ್ಕದಲ್ಲಿ ಸೇರಿಸಿರಿ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತಾದರೂ ಅದರ ದುರಸ್ತಿ ಬಲ್ಲವರು ಎಲ್ಲೆಡೆ ಇದ್ದಾರೆ. ಅಪರೂಪದ ವಿದೇಶಿ ಕಾರಿಗೆ ಆ ಭಾಗ್ಯವಿಲ್ಲ.

ಈಗ ಹಳೆಯ ಸ್ವಯಂಚಾಲಿತ ಕಾರುಗಳೂ ಮಾರುಕಟ್ಟೆಗೆ ಬಂದಿವೆ. 2014ರ ಸೆಲೆರಿಯೊದಿಂದ ಜನಪ್ರಿಯವಾದ ಎ.ಎಂ.ಟಿ. ಎಂಬುದು ವಾಸ್ತವವಾಗಿ ಸಾಧಾರಣ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೆ. ದೋಷ ಆ ಯಂತ್ರದಲ್ಲಿಯೇ ಇರಬಹುದಾದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ ಸ್ಕ್ಯಾನರ್ ಪರೀಕ್ಷೆ ಮಾಡಿಸಬೇಕು. ಯಾವುದೇ ಸ್ವಯಂಚಾಲಿತ ಕಾರು ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿರಿ. ಎಳೆಯುವ ಚಕ್ರಗಳು ನೆಲದಲ್ಲಿ ಉರುಳಿದರೆ ಎಣ್ಣೆಯ ಒತ್ತಡವಿಲ್ಲದೆ ಒಳಭಾಗಗಳು ಸುಟ್ಟುಹೋಗುತ್ತವೆ. ನಾಲ್ಕೂ ಚಕ್ರ ಎತ್ತಿ ಹೊರುವ ವಾಹನವನ್ನೇ ಕರೆಸಬೇಕು. ವಿಮೆಯಲ್ಲಿ ರಸ್ತೆ ಸಹಾಯ ಸೇರಿದೆಯೇ, ಎಷ್ಟು ಕಿಲೋಮೀಟರ್‌ವರೆಗೆ ಎಂಬುದನ್ನು ಪನ್ವೇಲ್ ದಾಟುವ ಮೊದಲೇ ಓದಿಕೊಂಡಿರಿ.