ಮರಳಿನಡಿಯ ಕಾಡು

ಆಫ್ರಿಕದ ನೈಜರ್ ದೇಶ, ಮರಾಡಿ ಪ್ರಾಂತ. 1983ರ ಒಂದು ದಿನ. ಸಸಿಗಳನ್ನು ಹೇರಿಕೊಂಡು ಹೊರಟಿದ್ದ ವಾಹನವೊಂದು ಮರಳುದಾರಿಯಲ್ಲಿ ನಿಂತಿತು. ಚಕ್ರ ಹೂತುಕೊಳ್ಳದಿರಲೆಂದು ಟೈರಿನ ಗಾಳಿಯನ್ನು ತುಸು ಇಳಿಸಲು ಕೆಳಗಿಳಿದವರು ಟೋನಿ ರಿನಾಡೊ. ಇಪ್ಪತ್ತೈದು ದಾಟಿದ ಆಸ್ಟ್ರೇಲಿಯದ ಕೃಷಿ ಪದವೀಧರ. ಕಣ್ಣು ಹಾಯಿಸಿದತ್ತ ಬರೀ ಬಯಲು. ಅಲ್ಲಿಯವರೆಗೆ ನೆಟ್ಟ ಸಸಿಗಳಲ್ಲಿ ನೂರಕ್ಕೆ ಎಂಬತ್ತು ಸತ್ತಿದ್ದವು. ಇನ್ನೆಷ್ಟು ಹಣ ಬೇಕು? ಇನ್ನೆಷ್ಟು ವರ್ಷ? ಸೋಲೊಪ್ಪಿಕೊಂಡು ಊರಿಗೆ ಮರಳುವುದೇ ಲೇಸಲ್ಲವೇ?

ರಿನಾಡೊ ಹುಟ್ಟಿದ್ದು 1957ರಲ್ಲಿ. ಬೆಳೆದದ್ದು ವಿಕ್ಟೋರಿಯಾ ರಾಜ್ಯದ ಮಿರ್ಟಲ್‌ಫರ್ಡ್ ಎಂಬಲ್ಲಿ. ಆ ಕಣಿವೆ ಆಗ ತಂಬಾಕಿನ ಸೀಮೆ. ಬೆಳೆಗೆ ಹೊಡೆದ ಕೀಟನಾಶಕ ಹೊಳೆಗೆ ಸೇರಿ ಮೀನುಗಳು ಸಾಯುತ್ತಿದ್ದವು. ಗುಡ್ಡಗಳ ಸಹಜ ಕಾಡನ್ನು ಬುಲ್ಡೋಜರ್‌ಗಳಿಂದ ಕೆಡವಿ ಪೈನ್ ಮರಗಳ ತೋಪು ಎಬ್ಬಿಸಲಾಗುತ್ತಿತ್ತು. ಎಲ್ಲೋ ಮಕ್ಕಳು ಹಸಿದಿರುವಾಗ ಒಳ್ಳೆಯ ನೆಲದಲ್ಲಿ ಹೊಗೆಸೊಪ್ಪು ಬೆಳೆಯುವುದೇ? ಈ ಪ್ರಶ್ನೆಯೇ ಹುಡುಗನನ್ನು ಕೃಷಿ ಓದಿನತ್ತ ಎಳೆಯಿತು. ಆರ್ಮಿಡೇಲ್‌ನ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಗ್ರಾಮೀಣ ವಿಜ್ಞಾನದ ಪದವಿ ಪಡೆದು, 1981ರಲ್ಲಿ ಪತ್ನಿ ಲಿಜ್ ಅವರೊಡನೆ ಕ್ರೈಸ್ತ ಸೇವಾಸಂಸ್ಥೆಯೊಂದರ ಮೂಲಕ ಅವರು ನೈಜರ್ ಸೇರಿದರು.

ಸಹಾರಾ ಮರುಭೂಮಿಯ ಅಂಚಿನ ಆ ನಾಡಿನ ಮುಖ್ಯ ಆಹಾರ ನಮ್ಮ ರಾಯಚೂರು, ಕೊಪ್ಪಳದವರಿಗೆ ಚಿರಪರಿಚಿತವಾದ ಸಜ್ಜೆ. ಸಜ್ಜೆಯ ತವರು ಕೂಡ ಆ ಕಡೆಯ ಸೀಮೆಯೇ. ಹೊಲದ ಮರಗಳೆಲ್ಲ ಉರುಳಿದ ಮೇಲೆ ಗಾಳಿಗೆ ತಡೆಯೇ ಇರಲಿಲ್ಲ. ಬಿರುಗಾಳಿ ಹೊತ್ತು ತಂದ ಮರಳು ಎಳೆಯ ಪೈರನ್ನು ಮುಚ್ಚಿಬಿಡುತ್ತಿತ್ತು. ಒಂದೇ ಹಂಗಾಮಿನಲ್ಲಿ ರೈತ ಎರಡು ಮೂರು ಸಲ ಬಿತ್ತಬೇಕಾಗುತ್ತಿತ್ತು. ಇದಕ್ಕೆ ಮದ್ದೆಂದು ನರ್ಸರಿಯ ಸಸಿ ತಂದು ನೆಟ್ಟರೆ ಬರ, ಮೇಕೆ, ಗೆದ್ದಲು ಅವನ್ನು ಮುಗಿಸುತ್ತಿದ್ದವು.

ಕಾಲಡಿಯ ಉತ್ತರ

ಅಂದು ದಾರಿಯಲ್ಲಿ ನಿಂತಾಗ ರಿನಾಡೊ ಅವರ ಕಣ್ಣು ಒಂದು ಪೊದೆಯ ಮೇಲೆ ಬಿತ್ತು. ದಿನವೂ ಕಂಡ, ಎಂದೂ ನೋಡದ ಪೊದೆ. ಹತ್ತಿರ ಹೋಗಿ ಎಲೆಯ ಆಕಾರ ಗಮನಿಸಿದರು. ಅದು ಪೊದೆಯಲ್ಲ, ಮರ! ಕಡಿದ ಮರದ ಬೊಡ್ಡೆ ಮತ್ತೆ ಚಿಗುರಿತ್ತು. ಬಯಲಿನ ತುಂಬ ಅಂಥ ಬೊಡ್ಡೆಗಳು ಲಕ್ಷಗಟ್ಟಲೆ ಇದ್ದವು. ಕಾಡು ಎಲ್ಲಿಗೂ ಹೋಗಿರಲಿಲ್ಲ, ನೆಲದೊಳಗೆ ಬೇರಾಗಿ ಕಾದು ಕುಳಿತಿತ್ತು.

ಕಬ್ಬಿನ ಕೂಳೆ ಬೆಳೆ ಕಂಡ ನಮ್ಮ ರೈತರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಹೊಸ ಸಸಿ ಮೊದಲು ಬೇರೂರಬೇಕು, ಅಷ್ಟರಲ್ಲಿ ಬೇಸಿಗೆ ಬಂದುಬಿಡುತ್ತದೆ. ಬೊಡ್ಡೆಗಾದರೋ ಆಳಕ್ಕಿಳಿದ ಬೇರು ಆಗಲೇ ಇದೆ, ಅದರಲ್ಲಿ ಕೂಡಿಟ್ಟ ಆಹಾರವಿದೆ, ತಳದ ತೇವವೂ ಎಟಕುತ್ತದೆ. ಆದ್ದರಿಂದ ಅದರ ಕುಡಿ ಬಹು ಬೇಗ ಏಳುತ್ತದೆ. ಮಾಡಬೇಕಾದದ್ದು ಇಷ್ಟೇ: ಹತ್ತಾರು ಕುಡಿಗಳಲ್ಲಿ ನೆಟ್ಟಗಿರುವ ಕೆಲವನ್ನು ಉಳಿಸಿ ಮಿಕ್ಕವನ್ನು ಕತ್ತರಿಸುವುದು, ಉಳಿದವುಗಳ ಕೆಳಗಿನ ಕವಲುಗಳನ್ನು ಸವರುವುದು, ದನ ಮತ್ತು ಬೆಂಕಿಯಿಂದ ಕಾಯುವುದು. ನರ್ಸರಿ ಬೇಡ, ನೀರು ಹೊರುವುದು ಬೇಡ. ಇದೇನೂ ಹೊಸ ಶೋಧವಲ್ಲ. ಕಡಿದ ಮರವನ್ನು ಚಿಗುರಿಸಿಕೊಳ್ಳುವ ವಿದ್ಯೆ ಅನೇಕ ನಾಡುಗಳಲ್ಲಿ ಹಿಂದಿನಿಂದ ಇದ್ದದ್ದೇ.

ಮರ ಯಾರದು?

ಆದರೂ ಮೊದಲಿಗೆ ಒಪ್ಪಿದವರು ಬೆರಳೆಣಿಕೆಯ ರೈತರು. ಹೊಲವೆಂದರೆ ಗಿಡಗಂಟಿಯಿಲ್ಲದೆ ಹಸನಾಗಿರಬೇಕು ಎಂಬುದು ಎಲ್ಲರ ನಂಬಿಕೆ. ಈ ಬಿಳಿಯನಿಗೆ ಹುಚ್ಚು ಎಂದು ಜನ ನಕ್ಕರು. ಉಳಿಸಿದ ಕುಡಿಗಳನ್ನು ಕಡಿದೊಯ್ದವರೂ ಇದ್ದರು. ಅಷ್ಟರಲ್ಲಿ 1984ರ ಘೋರ ಬರ ಬಂತು. ನಮ್ಮಲ್ಲಿಯ ‘ಕೂಲಿಗಾಗಿ ಕಾಳು’ ಯೋಜನೆಯ ಹಾಗೆ, ಹೊಲದಲ್ಲಿ ಚಿಗುರು ಉಳಿಸಿದವರಿಗೆ ಧಾನ್ಯ ಹಂಚಲಾಯಿತು. ಹಸಿವಿನ ದೆಸೆಯಿಂದ ಸಾವಿರಾರು ಜನ ಈ ಕೆಲಸಕ್ಕೆ ಕೈಹಾಕಿದರು. ಕಾಳು ನಿಂತೊಡನೆ ಬಹಳ ಮಂದಿ ಮತ್ತೆ ಕೊಡಲಿ ಎತ್ತಿದರೆಂಬುದೂ ನಿಜ. ಆದರೆ ಉಳಿಸಿಕೊಂಡವರ ಹೊಲದಲ್ಲಿ ಮರಳಿನ ಹೊಡೆತ ತಗ್ಗಿತು, ಸೌದೆ ಸಿಕ್ಕಿತು, ದನಕ್ಕೆ ಮೇವಾಯಿತು. ಅದನ್ನು ಕಂಡು ನೆರೆಹೊರೆಯವರೂ ಕಲಿತರು.

ಇನ್ನೊಂದು ತೊಡಕು ಕಾನೂನಿನದು. ಫ್ರೆಂಚರ ಆಳ್ವಿಕೆಯ ಕಾಲದಿಂದಲೂ ಅಲ್ಲಿ ಹೊಲ ರೈತನದಾದರೂ ಮರ ಸರ್ಕಾರದ್ದು. ತನ್ನ ಹೊಲದ ಮರ ಕಡಿದರೂ ದಂಡ. ನಾಳೆ ತನಗೆ ದಕ್ಕದ ಮರವನ್ನು ಇಂದು ಯಾರು ಸಾಕುತ್ತಾರೆ? ಚಿಗುರು ಕಿತ್ತೆಸೆಯುವುದೇ ಜಾಣತನವಾಗಿತ್ತು. ಕರ್ನಾಟಕದ ರೈತರೂ ಇದನ್ನು ಬಲ್ಲರು. ಸ್ವಂತ ಜಮೀನಿನ ಶ್ರೀಗಂಧ ಬೆಳೆದವನದೇ ಎಂದಾದದ್ದು 2001ರ ಕಾನೂನು ತಿದ್ದುಪಡಿಯ ಬಳಿಕ. ಅಲ್ಲಿಯವರೆಗೆ ಹೊಲದ ಗಂಧದ ಸಸಿ ತಲೆನೋವೇ ಆಗಿತ್ತು. ಮರಾಡಿಯಲ್ಲಿ ರಿನಾಡೊ ಅರಣ್ಯಾಧಿಕಾರಿಗಳೊಡನೆ ಮಾತನಾಡಿ, ಸಾಕಿದವರು ಕಡಿದರೆ ದಂಡ ಹಾಕದಂತೆ ಒಪ್ಪಿಸಿದರು. ಮುಂದೆ ದೇಶದ ಕಾನೂನೂ ಕ್ರಮೇಣ ಸಡಿಲವಾಯಿತು. ಪಕ್ಕದ ಜಿಂಡರ್ ಪ್ರಾಂತದಲ್ಲಿ ರೈತರು ತಾವಾಗಿಯೇ ಮರಗಳನ್ನು ಉಳಿಸಿದರು. ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ತಜ್ಞರ ಅಂದಾಜಿನಂತೆ, ಸುಮಾರು ಇಪ್ಪತ್ತು ವರ್ಷಗಳಲ್ಲಿ ನೈಜರ್‌ನ 50 ಲಕ್ಷ ಹೆಕ್ಟೇರಿನಲ್ಲಿ 20 ಕೋಟಿ ಮರಗಳು ಮೇಲೆದ್ದವು.

1999ರಲ್ಲಿ ಆಸ್ಟ್ರೇಲಿಯಕ್ಕೆ ಮರಳಿದ ರಿನಾಡೊ ವರ್ಲ್ಡ್ ವಿಷನ್ ಸಂಸ್ಥೆಯನ್ನು ಸೇರಿ, ಇದೇ ಪಾಠವನ್ನು ಬೇರೆ ದೇಶಗಳಿಗೂ ಒಯ್ದರು. ಇಥಿಯೋಪಿಯದ ಹಂಬೊ ಎಂಬಲ್ಲಿ ಸುಮಾರು 2,700 ಹೆಕ್ಟೇರ್ ಬೋಳುಗುಡ್ಡ ಮತ್ತೆ ಹಸಿರಾಯಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಬುರ್ಕಿನಾ ಫಾಸೊ ದೇಶದ ರೈತ ಯಾಕುಬಾ ಸವಾಡೊಗೊ ಅವರಿಗೂ ಅದೇ ವರ್ಷ ಆ ಗೌರವ ಸಂದಿತು. ಬಂಜರು ನೆಲದಲ್ಲಿ ಗುಣಿ ತೋಡಿ, ಗೊಬ್ಬರ ತುಂಬಿ, ಕಾಡು ಬೆಳೆಸಿದ ಅವರು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವರಲ್ಲ.

ದೂರದ ನಾಡಿಗೆ ನೆರವಾಗಲು ಹೊರಡುವವರು ಸಾಮಾನ್ಯವಾಗಿ ಏನನ್ನಾದರೂ ಹೊತ್ತು ಹೋಗುತ್ತಾರೆ: ಬೀಜ, ಯಂತ್ರ, ಹಣ. ರಿನಾಡೊ ಹೊತ್ತು ತಂದ ಸಸಿಗಳು ಒಣಗಿದವು. ಆ ಮಣ್ಣಿನಲ್ಲಿ ಮೊದಲೇ ಇದ್ದ ಬೇರು ಮಾತ್ರ ಚಿಗುರಿತು, ಅದೂ ಮರ ತನ್ನದೆಂದು ರೈತನಿಗೆ ಭರವಸೆ ಬಂದ ಮೇಲೆ.